ಗೆರೆ ದಾಟಿದ ರಾಶಿ

೧೪ ಸೆಪ್ಟೆಂಬರ್ ೨೦೨೫, ಭಾನುವಾರ, ಬೆಳಿಗ್ಗೆ

ಹಾಲು ತಂದೆ. ಬೀಚಿನ ತನಕ ನಡೆದು ಬಂದೆ. ಹೆಂಡತಿ ಉಷಾ ಶಾಲೆಯ ಪೇಪರ್ ತಿದ್ದುತ್ತಿದ್ದಾಳೆ. ಮಗಳು ಪ್ರೇರಣಾ ಇನ್ನೂ ಎದ್ದಿಲ್ಲ. ಲ್ಯಾಪ್‌ಟಾಪ್ ತೆರೆದು ಕೂತೆ... ಅಭ್ಯಾಸ. ತೆರೆದರೆ ಏನಿದೆ ಅದರಲ್ಲಿ? ಕಳೆದ ತಿಂಗಳು ಕಾನೂನು ಬಂತು, ದುಡ್ಡಿನ ಆಟದ ಸೈಟುಗಳು ಒಂದೊಂದಾಗಿ ಬಾಗಿಲು ಹಾಕಿದವು. ಬ್ಯಾಂಕಿನ ಕೆಲಸ ಬಿಟ್ಟಮೇಲೆ ಇಷ್ಟು ವರ್ಷ ಪೋಕರ್ ಆಡಿಯೇ ಮನೆ ನಡೆಸಿದ್ದು. ಕೈಯಲ್ಲಿ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ. ಅದೇ ನನ್ನ ಆಫೀಸು.

ಆಟ ನಿಂತಮೇಲೆ ಒಂದು ಕಂಪನಿಗೆ ಡೇಟಾ ಕನ್ಸಲ್ಟಿಂಗ್ ಮಾಡುತ್ತಿದ್ದೇನೆ ಎಂದು ಉಷಾಗೆ ಹೇಳಿದ್ದೇನೆ. ಕಂಪ್ಯೂಟರಿನಲ್ಲಿ ಆಡುವುದನ್ನು ಅವಳು ಹೇಗೋ ಒಪ್ಪಿಕೊಂಡಿದ್ದಳು, ಟ್ಯಾಕ್ಸ್ ಕಟ್ಟುತ್ತೇನಲ್ಲ ಎಂದು. ಎದುರುಬದುರು ಕೂತು ಇಸ್ಪೀಟು ಆಡಿದರೆ ಅವಳ ಲೆಕ್ಕದಲ್ಲಿ ಅದು ಜೂಜು, ಮುಗಿಯಿತು.

ಅಂದಾನಿ ಫೋನ್ ಮಾಡಿದ. ಗದಗಿನವನು, ಎಗ್ಮೋರ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದಾನೆ. ಈ ಊರಿನಲ್ಲಿ ನನಗೆ ಗೆಳೆಯ ಅಂತ ಇರುವುದು ಅವನೊಬ್ಬ. ಪ್ರತಿ ಭಾನುವಾರ ಮಧ್ಯಾಹ್ನ ಎಗ್ಮೋರಿನಲ್ಲಿ ಮನೀಶ್ ಎಂಬವನ ಕನ್ನಡಕದಂಗಡಿಯ ಮಹಡಿಯಲ್ಲಿ ಆಟ ಇದೆಯಂತೆ. ಬಾ ಎಂದ.

ಹೋಗಬಾರದು.

೨೧ ಸೆಪ್ಟೆಂಬರ್, ಸಂಜೆ

ಹೋದೆ.

ಆರು ಜನ. ಫಿಲ್ಟರ್ ಕಾಫಿ, ಬೋಂಡಾ, ಗಲಾಟೆಯಿಲ್ಲ. ಮೇಜಿಗೆ ಹಸಿರು ಬಟ್ಟೆ, ಪ್ರತಿಯೊಬ್ಬನ ಮುಂದೆ ಒಂದು ಬಿಳಿ ಗೆರೆ. ಗೆರೆಯ ಈಚೆ ಇರುವ ಚಿಪ್ಸ್, ಅಂದರೆ ದುಡ್ಡಿನ ಬದಲಿನ ಬಿಲ್ಲೆಗಳು, ನಿನ್ನವು. ಗೆರೆ ದಾಟಿದರೆ ಪಣಕ್ಕೆ ಹೋದ ಹಾಗೆ, ವಾಪಸ್ ಎಳೆದುಕೊಳ್ಳುವಂತಿಲ್ಲ. ಮನೀಶ್ ಇದನ್ನು ಮೊದಲೇ ಹೇಳಿದ.

ಎಲ್ಲರ ಮುಂದೆಯೂ ಗುಡ್ಡೆಯಂತೆ ರಾಶಿ. ನಾನು ಕಂಪ್ಯೂಟರಿನಲ್ಲಿ ಆಡುತ್ತಿದ್ದುದರ ಮೂರು ನಾಲ್ಕು ಪಟ್ಟು. ಇದು ಬೇರೆಯೇ ಆಟ. ರಾಶಿ ಸಣ್ಣದಿದ್ದಾಗ ಎರಡು ಎಕ್ಕ ಬಂದರೆ ಯೋಚನೆ ಬೇಡ, ಎಲ್ಲ ನೂಕು. ರಾಶಿ ದೊಡ್ಡದಿದ್ದಾಗ ಅದೇ ಎರಡು ಎಕ್ಕ ಗಾಜಿನ ಸಾಮಾನು. ನನ್ನ ಜೋಡಿ ಜೋಡಿಯಾಗಿಯೇ ಇರುತ್ತದೆ. ಎದುರಿನವನು ಮೇಜಿನ ಮೇಲೆ ಬಿಚ್ಚುವ ಒಂದೊಂದು ಎಲೆಗೂ ಸಾಲು ಕಟ್ಟುತ್ತಾನೆ, ಒಂದೇ ಜಾತಿಯ ಐದೆಲೆ ಕೂಡಿಸುತ್ತಾನೆ. ಬಲವಾದ ಎಲೆಯನ್ನು ಹಿಡಿದು ಸಣ್ಣ ಪಾಟ್, ನಡುವೆ ಸೇರಿದ ಪಣದ ದುಡ್ಡು, ಗೆದ್ದು ಏಳಬೇಕು, ಅದರ ಮೇಲೆ ಮನೆ ಮಠ ಇಡಬಾರದು. ಆನ್‌ಲೈನಿನಲ್ಲಿ ಎಷ್ಟೋ ಜನಕ್ಕೆ ಇದನ್ನು ಪಾಠ ಹೇಳಿದ್ದೇನೆ.

ಮೂರನೇ ಆಟಕ್ಕೇ ಎರಡು ಎಕ್ಕ ಬಂದವು. ಚಿಪ್ಸ್ ಮುಂದಿಡುವಾಗ ಬಲಗೈ ನಡುಗಿತು. ಚಿಪ್ಸ್ ಒಂದಕ್ಕೊಂದು ತಾಗಿ ಟಿಕಟಿಕ ಎಂದವು. ಎಲ್ಲರೂ ಕೈಯನ್ನು ನೋಡಿದರು, ಎಲ್ಲರೂ ಎಲೆ ಎಸೆದು ಆಟ ಬಿಟ್ಟರು. ಅಂದಾನಿ ನಕ್ಕ. "ನಿನ್ನ ಕೈನ ಹೇಳಾಕತ್ತೈತಲ್ಲೋ, ದೊಡ್ಡ ಎಲಿ ಬಂದಾವ ಅಂತ."

ಆಡುವವರಿಗೆಲ್ಲ ಗೊತ್ತಿರುವ ವಿಷಯ. ಕೈ ನಡುಗಿದರೆ ಒಳ್ಳೆಯ ಎಲೆ. ಸುಳ್ಳಾಡುವವನು ಕಲ್ಲಿನ ಹಾಗೆ ಕೂತಿರುತ್ತಾನೆ.

ಇಷ್ಟು ವರ್ಷ ಮೌಸ್ ಒತ್ತಿದ್ದು. ಎದುರಿಗೆ ಮನುಷ್ಯರಿದ್ದರೆ ಗಾಬರಿ ಆಗುತ್ತದೆ. ಅಷ್ಟೇ ಇರಬೇಕು.

೮ ಅಕ್ಟೋಬರ್, ಬುಧವಾರ

ಅಷ್ಟೇ ಅಲ್ಲ.

ಸೋಫಾದಲ್ಲಿ ಟೀವಿ ನೋಡುತ್ತಾ ಕೂತಿದ್ದೆ. ಗಾಬರಿಪಡುವಂಥದ್ದು ಏನೂ ಇಲ್ಲ, ಯಾವುದೋ ಅಡುಗೆ ಕಾರ್ಯಕ್ರಮ. ಪ್ರೇರಣಾ ಬಂದು ಪಕ್ಕ ಕೂತಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ. "ಅಪ್ಪಾ, ಉಂಗ ಕೈ ಏನ್ ಆಡುದು?" ಎಂದಳು, ನಿಮ್ಮ ಕೈ ಯಾಕೆ ಆಡುತ್ತಿದೆ ಎಂದು. ನೋಡಿದರೆ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ಆಡುತ್ತಿದೆ. ಹೆಬ್ಬೆರಳು ತೋರುಬೆರಳು ಏನೋ ಉಂಡೆ ಕಟ್ಟುತ್ತಿರುವ ಹಾಗೆ. ಕೈಯನ್ನು ತೊಡೆಯ ಕೆಳಗೆ ಸೇರಿಸಿದೆ. ಕಾಫಿ ಜಾಸ್ತಿಯಾಯಿತು ಮಗಳೇ ಎಂದೆ.

ಸೀತಾರಾಮ ದೊಡ್ಡಪ್ಪನ ನೆನಪು. ತ್ರಿಪ್ಲಿಕೇನಿನ ನಮ್ಮವರ ಹೋಟೆಲಿನಲ್ಲಿ ಅವರೇ ಗಲ್ಲಾದಲ್ಲಿ ಕೂರುತ್ತಿದ್ದುದು. ಮೊದಲು ಚಿಲ್ಲರೆ ಕೊಡುವಾಗ ಕೈ ನಡುಗುತ್ತಿತ್ತು. ಆಮೇಲೆ ಚಿಲ್ಲರೆಯನ್ನು ಗಿರಾಕಿಗಳೇ ಎತ್ತಿಕೊಳ್ಳುವುದಾಯಿತು. ಆಮೇಲೆ ಅವರನ್ನು ಗಲ್ಲಾದಿಂದ ಎಬ್ಬಿಸಿ ಒಳಗಿನ ಕೋಣೆಯಲ್ಲಿ ಕೂರಿಸಿದರು. ಕೊನೆಗೆ ಚಂದ್ರಮತಿ ದೊಡ್ಡಮ್ಮ ಅನ್ನ ತಿನ್ನಿಸುತ್ತಿದ್ದರು. ಪಾರ್ಕಿನ್ಸನ್.

ಈ ಪುಟದ ಅಕ್ಷರ ನೋಡುತ್ತಿದ್ದೇನೆ. ಸಾಲು ಶುರುವಾಗುವಾಗ ಸರಿಯಾಗಿವೆ. ಕೊನೆಗೆ ಬರುವಷ್ಟರಲ್ಲಿ ಇರುವೆ ಸಾಲು.

ಮೊಬೈಲಿನಲ್ಲಿ ಹುಡುಕಲು ಹೋದೆ. ಎರಡು ಸಾಲು ಓದಿ ಮುಚ್ಚಿಟ್ಟೆ.

೧೨ ಅಕ್ಟೋಬರ್, ಭಾನುವಾರ

ಇವತ್ತು ಒಂದು ಕೆಲಸ ಮಾಡಿದೆ. ಬರೆಯಲೇ ನಾಚಿಕೆ.

ಕೈಯಲ್ಲಿ ಏನೂ ಇರಲಿಲ್ಲ. ರಾಣಿ, ಒಂದು ಏಳು. ಮೇಜಿನ ಮೇಲೂ ನನಗೆ ಹೊಂದುವಂಥದ್ದಿಲ್ಲ. ಒಂದು ದೊಡ್ಡ ಹಿಡಿ ಚಿಪ್ಸನ್ನು ಬಲಗೈಯಲ್ಲಿ ಎತ್ತಿ ಗೆರೆಯಾಚೆ ಇಟ್ಟೆ. ನಡುಗುತ್ತಾ. ಮನೀಶ್ ಎಸೆದ. ಅಂದಾನಿ ಎರಡು ಜೋಡಿ ಹಿಡಿದಿದ್ದನಂತೆ, ತೋರಿಸಿ ಎಸೆದ. ನಿನ್ನ ಕೈ ನೋಡಿ ಬಚಾವಾದೆ ಎಂದ ಪಾಪ.

ಮತ್ತೆ ನಿಜವಾಗಿ ಒಳ್ಳೆಯ ಎಲೆ ಬಂದಾಗ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು ಎಡಗೈಯಲ್ಲಿ ಆಡಿದೆ. ಎಡಗೈ ಸ್ಥಿರವಾಗಿದೆ. ಇವನ ಹತ್ತಿರ ಏನಿಲ್ಲ ಅಂದುಕೊಂಡು ಇಬ್ಬರು ಬೆನ್ನು ಹತ್ತಿ ಬಂದರು.

ಇಡೀ ಮಧ್ಯಾಹ್ನ ಹೀಗೇ.

೨೬ ಅಕ್ಟೋಬರ್

ದೀಪಾವಳಿಗೆ ಪ್ರೇರಣಾಗೆ ಕೀಬೋರ್ಡ್ ತಂದೆ, ಸಂಗೀತದ್ದು. ಉಷಾ ಖುಷಿಯಾಗಿದ್ದಾಳೆ. ಕಂಪನಿಯವರು ಕೆಲಸ ಕಾಯಂ ಮಾಡುತ್ತಾರಾ ಎಂದು ಕೇಳಿದಳು. ಮಾಡಬಹುದು ಎಂದೆ.

ಅಂಗಿಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು. ಬಾತ್‌ರೂಮಿನ ಒಳಗೇ ಹಾಕಿಕೊಂಡು ಬರುತ್ತೇನೆ. ಟೀ ಶರ್ಟ್ ವಾಸಿ.

ಭಾನುವಾರ ಮಾತ್ರ ಈ ಕೈಯಿಂದ ನನಗೆ ಉಪಯೋಗ. ಉಳಿದ ದಿನ ಅದನ್ನು ಅಡಗಿಸಿಡುವುದೇ ಕೆಲಸ.

೧೬ ನವೆಂಬರ್, ಭಾನುವಾರ, ರಾತ್ರಿ ಊಟಕ್ಕೆ ಮೊದಲು

ಹೊಸಬರೊಬ್ಬರು ಬಂದಿದ್ದರು. ಮಧುರಾ. ಅರವತ್ತು ದಾಟಿರಬೇಕು, ಉಡುಪಿ ಕಡೆಯವರು, ಹತ್ತಿಯ ಸೀರೆ, ಕೊರಳಲ್ಲಿ ಕನ್ನಡಕದ ಸರ. ಮನೀಶನ ಹಳೆಯ ಗಿರಾಕಿ. ನಿವೃತ್ತ ಡಾಕ್ಟರ್ ಎಂದಷ್ಟೇ ಹೇಳಿದ. ಬ್ರಿಜ್ ಆಡಿ ಬೇಜಾರಾಗಿ ಇದಕ್ಕೆ ಬಂದದ್ದಂತೆ.

ಮಾತಿಲ್ಲ. ತಮ್ಮ ಎಲೆ ನೋಡುವ ಬದಲು ಎಲ್ಲರನ್ನೂ ನೋಡುತ್ತಿದ್ದರು.

ನಾಲ್ಕು ಗಂಟೆಯ ಕಾಫಿ ಆದಮೇಲೆ ನಾನು ಬಲಗೈಯಾಟ ಆಡಿದೆ. ಕೈಯಲ್ಲಿ ಏನೂ ಇಲ್ಲ. ದೊಡ್ಡ ರಾಶಿ ನೂಕಿದೆ, ನಡುಗುತ್ತಾ. ಉಳಿದವರೆಲ್ಲ ಎಸೆದರು. ಮಧುರಾ ನನ್ನ ಕೈಯನ್ನು ನೋಡಿದರು. ಅದೂ ಹೇಗೆ... ಮಾವಿನಹಣ್ಣು ಹಣ್ಣಾಗಿದೆಯೋ ಎಂದು ನೋಡುವ ಹಾಗೆ. "ಕಾಲ್" ಎಂದು ಅಷ್ಟೇ ಪಣ ತಾವೂ ಕಟ್ಟಿದರು. ಅವರ ಹತ್ತಿರ ಎಂಟರ ಒಂದು ಜೋಡಿ, ಅಷ್ಟೇ. ಗೆದ್ದರು.

ಮೇಜಿನವರೆಲ್ಲ ಬಾಯಿ ಬಿಟ್ಟು ನೋಡಿದರು. ಅದೃಷ್ಟ ಮೇಡಂ ನಿಮ್ಮದು ಎಂದ ಮನೀಶ್.

ಇಳಿಯುವಾಗ ಮೆಟ್ಟಿಲಲ್ಲಿ ನಿಲ್ಲಿಸಿದರು. ಕಾಫಿಯ ವಾಸನೆ ಬರ್ತದಾ ನಿಮಗೆ ಎಂದು ಕೇಳಿದರು. ಯೋಚಿಸಿದೆ. ಕೊನೆಯ ಸಲ ಯಾವಾಗ ಬಂದಿತ್ತು? ನೆನಪಾಗಲಿಲ್ಲ. ನಡೆಯುವಾಗ ನಿಮ್ಮ ಬಲಗೈ ಬೀಸುವುದಿಲ್ಲ, ಗಮನಿಸಿದ್ದೀರಾ ಎಂದರು. ನನಗೆ ಸಿಟ್ಟು ಬಂತು. ಟೆನ್ಷನ್, ಬೇರೇನಿಲ್ಲ ಎಂದೆ.

"ಮೂವತ್ತು ವರ್ಷ ನರರೋಗದ ವಾರ್ಡಿನಲ್ಲಿ ಇದ್ದವಳು ನಾನು. ವಾಸನೆ ಹೋಗುವುದು, ಕೈ ಬೀಸದಿರುವುದು ಎಲ್ಲ ಲಕ್ಷಣವೇ, ಆದ್ರೆ ಪರೀಕ್ಷೆ ಮಾಡದೆ ಹೆಸರು ಹೇಳುವುದಿಲ್ಲ. ಮಾಡಿಸಿಕೊಳ್ಳಿ. ಈಗ ಒಳ್ಳೊಳ್ಳೆ ಮದ್ದು ಉಂಟು," ಎಂದರು. ಒಂದು ಚೀಟಿಯಲ್ಲಿ ಡಾಕ್ಟರರ ಹೆಸರು ಬರೆದು ಕೊಟ್ಟರು. ಮಹಡಿಯ ಮೇಲಿನವರಿಗೆ ಹೇಳುತ್ತೀರಾ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಕೊರಳಿಗೆ ಇಳಿಬಿಟ್ಟರು.

"ಪೇಷಂಟಿನ ವಿಷಯ ಯಾರಿಗೂ ಹೇಳಿದವಳಲ್ಲ. ಆದ್ರೆ ನಿಮ್ಮ ಆ ಗೆಳೆಯ ಉಂಟಲ್ಲ, ಅಂದಾನಿ, ಅವರು ನಿಮ್ಮ ಕೈಯನ್ನು ನಂಬಿ ಆಡ್ತಾರೆ. ಅದು ನಿಮಗೆ ಗೊತ್ತುಂಟು."

ಇಷ್ಟು ಹೇಳಿ ಆಟೋ ಹತ್ತಿದರು.

೧೭ ನವೆಂಬರ್

ಚೀಟಿ ಹರಿದು ಹಾಕಿದೆ. ಹೆಸರು ನೆನಪಿದೆ, ಏನು ಮಾಡಲಿ.

೧೩ ಡಿಸೆಂಬರ್, ಶನಿವಾರ

ಒಂದು ತಿಂಗಳು ಬರೆದಿಲ್ಲ. ಬರೆಯಲು ಕಷ್ಟ.

ಮಧುರಾ ಬರುವ ಭಾನುವಾರಗಳಲ್ಲಿ ನನ್ನ ಬಲಗೈಯಾಟ ನಡೆಯುವುದಿಲ್ಲ. ಅವರು ಬಾಯಿ ಬಿಡುವುದಿಲ್ಲ, ಆದರೆ ಪ್ರತಿ ಸಲವೂ ಕಾಲ್ ಮಾಡುತ್ತಾರೆ. ಉಳಿದವರೂ ಅನುಮಾನದಿಂದ ನೋಡಲು ಶುರು ಮಾಡಿದ್ದಾರೆ. ಬಹಳ ದಿನ ಉಳಿದಿಲ್ಲ. ಎಡಗೈ ಕೂಡ ನಿನ್ನೆ ಲೋಟ ಹಿಡಿದಾಗ ಒಮ್ಮೆ ಅದುರಿತೋ, ನನಗೆ ಹಾಗನ್ನಿಸಿತೋ.

ಒಂದು ದೊಡ್ಡ ದಿನ ಸಿಕ್ಕರೆ ಸಾಕು. ಆಮೇಲೆ ನಿಲ್ಲಿಸುತ್ತೇನೆ. ಉಷಾಗೆ ಹೇಳುವಾಗ ಕೈಯಲ್ಲಿ ಏನಾದರೂ ಇರಬೇಕು. ಕಾಯಿಲೆ ಒಂದೇ ಹಿಡಿದುಕೊಂಡು ಹೇಗೆ ಹೋಗಲಿ ಅವಳ ಎದುರಿಗೆ?

ನಿನ್ನೆ ಬ್ಯಾಂಕಿನಲ್ಲಿ ಉಷಾ ನಾನು ಇಬ್ಬರ ಹೆಸರಿನಲ್ಲಿದ್ದ, ಒಬ್ಬರ ಸಹಿ ಸಾಕಾಗುವ ಠೇವಣಿ ಮುರಿಸಿದೆ. ಪೂರ್ತಿ. ಸಹಿ ಹೊಂದುತ್ತಿಲ್ಲ ಎಂದರು. ಮೂರು ಸಲ ಮಾಡಿಸಿದರು. ಕೌಂಟರಿನ ಹುಡುಗಿ ಕೊನೆಗೆ ಕನಿಕರದಿಂದ ನೋಡಿ, ನನ್ನ ಹಳೆಯ ಗುರುತಿನ ಮೇಲೆ ಬಿಟ್ಟಳು.

ನಾಳೆ.

೧೪ ಡಿಸೆಂಬರ್, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮೋಡ. ಮಹಡಿಯಲ್ಲಿ ಲೈಟು ಹಾಕಿದ್ದರು. ನನ್ನ ರಾಶಿ ಎಲ್ಲರಿಗಿಂತ ದೊಡ್ಡದು. ಅಂದಾನಿಯೂ ಇವತ್ತು ಬಹಳ ತಂದಿದ್ದ, ಜೊತೆಗೆ ಮಧ್ಯಾಹ್ನವೆಲ್ಲ ಗೆದ್ದಿದ್ದ. ನನ್ನ ಅರ್ಧಕ್ಕಿಂತ ಹೆಚ್ಚು ಅವನ ಮುಂದೆ. ತುಂಗಾ, ಅವನ ಹೆಂಡತಿ, ರೈಲ್ವೆ ಕ್ವಾರ್ಟರ್ಸಿನಲ್ಲೇ ಜೋಳದ ರೊಟ್ಟಿ ಬಡಿದು ಇಲ್ಲಿನ ಕನ್ನಡದವರ ಮನೆಗಳಿಗೆ ಕಳಿಸುತ್ತಾಳೆ. ಪೆರಂಬೂರಿನಲ್ಲಿ ಅವಳಿಗೊಂದು ಅಂಗಡಿ ಹಿಡಿಯಬೇಕು, ಅದರ ಅಡ್ವಾನ್ಸಿಗೆ ಸ್ವಲ್ಪ ಕಡಿಮೆ ಬಿದ್ದಿದೆ, ಇವತ್ತು ಕೂಡಿದರೆ ಆಟ ಬಿಟ್ಟೇ ಬಿಡುತ್ತೇನೆ ಎಂದ ಕಾಫಿಯ ಹೊತ್ತಿಗೆ. ನಾನೂ ಬಿಟ್ಟೇ ಬಿಡುತ್ತೇನೆ ಅಂದುಕೊಂಡು ಬಂದವನೇ. ಹೇಳಲಿಲ್ಲ.

ಐದು ಗಂಟೆ ಹೊತ್ತಿಗೆ ನನಗೆ ಎರಡು ರಾಜರು ಬಂದರು. ಎಡಗೈಯಲ್ಲಿ ಪಣ ಏರಿಸಿದೆ. ಮಧುರಾ, ಅಂದಾನಿ ಇಬ್ಬರೂ ಅಷ್ಟೇ ಕಟ್ಟಿ ಉಳಿದರು. ಮೊದಲ ಮೂರು ಎಲೆ ಬಿಚ್ಚಿದರು. ಒಂದು ರಾಜ, ಒಂದು ಹತ್ತು, ಒಂದು ಆರು. ರಾಜ ಮತ್ತು ಹತ್ತು ಎರಡೂ ಕೆಂಪು ಆಟೀನ್. ಈಗ ನನಗೆ ಮೂರು ರಾಜರು. ಆ ಹೊತ್ತಿಗೆ ಇದಕ್ಕಿಂತ ದೊಡ್ಡದು ಯಾರ ಹತ್ತಿರವೂ ಇರಲು ಸಾಧ್ಯವಿಲ್ಲ. ಇನ್ನೊಂದು ಆಟೀನ್ ಬಿದ್ದರೆ ಎಲ್ಲ ತಿರುಗಬಹುದು. ಪಣ ಕಟ್ಟಿದೆ. ಮಧುರಾ ಎಸೆದರು. ಅಂದಾನಿ ಉಳಿದ.

ನಾಲ್ಕನೇ ಎಲೆ. ಮೂರು. ಆಟೀನ್.

ಆಗ ಕೈ ಕಟ್ಟಿ ಕೂರಬೇಕಿತ್ತು. ನೂರಾರು ಸಲ ಪಾಠ ಹೇಳಿದ್ದು ಇದನ್ನೇ. ಎದುರು ರಾಶಿ ದೊಡ್ಡದಿದೆ, ನಿನ್ನ ಎಲೆ ಚಂದ ಇದೆ, ಆದರೆ ಒಡೆದಿರಬಹುದು, ಪಾಟ್ ಬೆಳೆಸಬೇಡ. ಅಂದಾನಿ ಒಂದು ಸಾಧಾರಣ ಪಣ ಕಟ್ಟಿದ. ನಾನು ಅದನ್ನು ಮೂರು ಪಟ್ಟು ಏರಿಸಿದೆ. ಯಾಕೆ? ರಾಜರು ಮತ್ತೆ ಬರುವುದಿಲ್ಲ ಅನ್ನಿಸಿತು. ಈ ದಿನ ಮತ್ತೆ ಬರುವುದಿಲ್ಲ ಅನ್ನಿಸಿತು.

ಅಂದಾನಿ ಬಹಳ ಹೊತ್ತು ಯೋಚಿಸಿದ. ಆಮೇಲೆ ತನ್ನ ರಾಶಿಯನ್ನೆಲ್ಲ ಎರಡೂ ಕೈಯಿಂದ ಮುಂದೆ ನೂಕಿದ.

ಅವನನ್ನು ನನಗೆ ಗೊತ್ತು. ಇಲ್ಲದ್ದನ್ನು ಇದೆ ಎಂದು ನೂಕುವವನಲ್ಲ. ಐದು ಆಟೀನ್ ಕೂಡಿವೆ ಅವನಿಗೆ, ಮೂರು ರಾಜರಿಗಿಂತ ದೊಡ್ಡದು. ಕೊನೆಯ ಎಲೆಯಲ್ಲಿ ಮೇಜಿನ ಮೇಲಿನ ಯಾವುದಾದರೂ ಎಲೆಗೆ ಜೋಡಿ ಬಿದ್ದರೆ ನಾನು ಗೆಲ್ಲುತ್ತೇನೆ, ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದೂ ಇಲ್ಲ. ಎಸೆಯಬೇಕು. ಎಸೆಯುವುದು ಎಂದು ನಿರ್ಧಾರ ಮಾಡಿದೆ. ಅಷ್ಟೊಂದು ಹೋದರೂ ಅರ್ಧ ಉಳಿಯುತ್ತದೆ. ನಿಜವಾಗಿ ನಿರ್ಧಾರ ಮಾಡಿದ್ದೆ. ಇದನ್ನು ಓದುವವರು ಯಾರೂ ಇಲ್ಲ, ನನಗೆ ನಾನೇ ಸುಳ್ಳು ಬರೆದುಕೊಳ್ಳುವುದಿಲ್ಲ.

ಎಲೆಗಳನ್ನು ಎತ್ತಲು ಕೈ ಚಾಚಿದೆ. ಬಲಗೈ. ಎಡಗೈ ಚಾಚಬೇಕೆಂದು ನೆನಪಾಗಲಿಲ್ಲ. ಕೈ ಒಮ್ಮೆಲೇ ಕುಣಿಯಿತು, ಯಾವತ್ತಿಗಿಂತಲೂ ಜೋರಾಗಿ. ಎದುರಿಗೆ ಎತ್ತರಕ್ಕೆ ಪೇರಿಸಿಟ್ಟಿದ್ದ ರಾಶಿಗೆ ಬಡಿಯಿತು. ಅಷ್ಟೂ ಮಗುಚಿ ಗೆರೆಯ ಆಚೆಗೆ ಹರಡಿತು.

ಮನೀಶ್ ಬಗ್ಗಿ ನೋಡಿದ. "ಲೈನ್ ತಾಂಡಿಡುಚ್ಚು ಸಾರ್. ಕಾಲ್ ದಾನ್." ಗೆರೆ ದಾಟಿತು, ಕಾಲ್ ಅಂತಲೇ ಲೆಕ್ಕ.

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನನಗೆ ಕಾಯಿಲೆ ಇದೆ, ಕೈ ನನ್ನ ಮಾತು ಕೇಳುವುದಿಲ್ಲ, ನಾನು ಎಸೆಯಲು ಹೊರಟಿದ್ದೆ. ಒಪ್ಪುತ್ತಿದ್ದರು. ಒಳ್ಳೆಯ ಜನ. ಆದರೆ ಹೇಳಿದ ಮರುಕ್ಷಣ ಎಲ್ಲರೂ ಹಿಂದಿನ ಭಾನುವಾರಗಳನ್ನೆಲ್ಲ ನೆನಪಿಸಿಕೊಳ್ಳುತ್ತಿದ್ದರು. ಅಂದಾನಿ ನೆನಪಿಸಿಕೊಳ್ಳುತ್ತಿದ್ದ.

ಮಧುರಾ ನನ್ನನ್ನೇ ನೋಡುತ್ತಿದ್ದರು. ಅವರ ತುಟಿ ಬಿಚ್ಚಿತು. ನಾನು ಸಣ್ಣಗೆ ತಲೆಯಾಡಿಸಿದೆ, ಬೇಡ ಎಂದು. ಅವರು ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು.

ಅಂದಾನಿ ಎಲೆ ಬಿಚ್ಚಿಟ್ಟ. ಎಕ್ಕ, ಐದು. ಎರಡೂ ಆಟೀನ್. ನಾನು ರಾಜರನ್ನು ಇಟ್ಟೆ. ಕೊನೆಯ ಎಲೆ ಬಿತ್ತು.

ಹತ್ತು.

ಮೂರು ರಾಜರು, ಎರಡು ಹತ್ತು. ಗೆದ್ದೆ. ಅಂದಾನಿಯ ಮುಂದೆ ಬರೀ ಹಸಿರು ಬಟ್ಟೆ. ಅವನು ಎದ್ದು ಕುರ್ಚಿಯನ್ನು ಮೇಜಿಗೆ ತಾಗಿಸಿಟ್ಟ, ಹಾದು ಹೋಗುವಾಗ ನನ್ನ ಭುಜ ಮುಟ್ಟಿದ. ಚಲೋ ಆಡಿದಿ ಎಂದ.

೧೫ ಡಿಸೆಂಬರ್

ದೊಡ್ಡ ದಿನ ಸಿಕ್ಕಿತಲ್ಲ. ದುಡ್ಡಿನ ಚೀಲ ಬೀರುವಿನಲ್ಲಿದೆ. ಉಷಾ ಇಡ್ಲಿ ಬಡಿಸಿದಳು. ಅರ್ಧ ತಿಂದು ಎದ್ದೆ.

೧೮ ಡಿಸೆಂಬರ್

ಅಂದಾನಿ ಫೋನ್ ಎತ್ತುತ್ತಿಲ್ಲ.

೨೧ ಡಿಸೆಂಬರ್, ಭಾನುವಾರ

ಆಟಕ್ಕೆ ಹೋಗಲಿಲ್ಲ. ಅವನೂ ಹೋಗಿಲ್ಲವಂತೆ. ಮಧ್ಯಾಹ್ನವೆಲ್ಲ ಮರೀನಾದಲ್ಲಿ ಕೂತಿದ್ದೆ. ಕೈಗೆ ಯಾರ ಭಯವೂ ಇಲ್ಲ ಅಲ್ಲಿ, ಬೇಕಾದಷ್ಟು ಆಡಿತು. ನೀರಿನ ಕಡೆ ನಡೆದುಕೊಂಡು ಹೋಗಿಬಿಟ್ಟರೆ ಎಂದು ಒಂದು ಸಲ ಅನ್ನಿಸಿತು. ಬರೆದಿಟ್ಟಿದ್ದೇನೆ. ಬರೆಯದೆ ಇಟ್ಟುಕೊಂಡರೆ ಇನ್ನೂ ಭಯ.

೨೮ ಡಿಸೆಂಬರ್, ಭಾನುವಾರ, ಸಂಜೆ

ಅಂದಾನಿ ಅವತ್ತು ಸೋತದ್ದನ್ನು ಬೇರೆ ಮಾಡಿ ತೆಗೆದುಕೊಂಡು ಎಗ್ಮೋರಿನ ಕ್ವಾರ್ಟರ್ಸಿಗೆ ಹೋದೆ.

ಬಾಗಿಲು ತೆರೆದದ್ದು ತುಂಗಾ. ಕೈಯೆಲ್ಲ ಹಿಟ್ಟು. ಭಾಳ ದಿನ ಆತಲ್ಲರಿ ಎಂದು ಒಳಗೆ ಕರೆದಳು, ತಟ್ಟೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಹಾಕಿ ಮುಂದಿಟ್ಟಳು. ಅವಳಿಗೆ ಏನೂ ಗೊತ್ತಿಲ್ಲ. ಅಂಗಡಿಯವನು ಯಾಕೋ ತಡ ಮಾಡುತ್ತಿದ್ದಾನೆ, ಪೊಂಗಲ್ ಆದಮೇಲೆ ನೋಡೋಣ ಅಂದನಂತೆ, ಎಂದು ಅವಳೇ ಹೇಳಿದಳು. ಅಂದಾನಿ ಗೋಡೆ ನೋಡುತ್ತಾ ಕೂತಿದ್ದ.

ಅವಳು ಒಳಗೆ ಹೋದಮೇಲೆ ಚೀಲವನ್ನು ಅವನ ಪಕ್ಕ ಇಟ್ಟೆ. ಅವನು ತಿರುಗಿಯೂ ನೋಡಲಿಲ್ಲ. ಆಟ ಅಂದ್ರ ಆಟ, ಕರುಣಾ ತೋರಸಬ್ಯಾಡ, ಒಯ್ಯಿ ಎಂದ. ಕರುಣೆ ಅಲ್ಲ ಎಂದೆ. ಬಲಗೈಯನ್ನು ನನ್ನ ತೊಡೆಯ ಕೆಳಗಿನಿಂದ ತೆಗೆದು ಅವನ ಎದುರಿಗೆ, ಸ್ಟೂಲಿನ ಮೇಲೆ ಇಟ್ಟೆ. ನೋಡು ಎಂದೆ. ಇಬ್ಬರೂ ಅದನ್ನು ನೋಡುತ್ತಾ ಕೂತೆವು. ಎಲೆಯಿಲ್ಲ, ಚಿಪ್ಸಿಲ್ಲ. ಅದು ಅದರ ಪಾಡಿಗೆ ಆಡುತ್ತಿತ್ತು.

ಹೇಳಿದೆ. ದೊಡ್ಡಪ್ಪನದು, ಮಧುರಾ ಹೇಳಿದ್ದು, ಅವತ್ತು ರಾಶಿ ಬಿದ್ದದ್ದು. ಎಸೆಯಲು ಹೊರಟಿದ್ದೆ ಎಂದೆ.

ಮೊದಲು ಅವನ ಮುಖ ಕರಗಿತು. ನನ್ನ ಕೈಯನ್ನು ಹಿಡಿದುಕೊಂಡ, ಎರಡೂ ಕೈಯಲ್ಲಿ. ಯಾವಾಗಿಂದ ಎಂದು ಕೇಳಿದ. ದಸರೆಯ ಮೊದಲೇ ಎಂದೆ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ನನಗೆ ಕಾಣಿಸಿತು. ಭಾನುವಾರ ಭಾನುವಾರವಾಗಿ. ಮೆಲ್ಲಗೆ ಕೈ ಬಿಟ್ಟ.

"ಹಂಗಾದ್ರ ನಾ ಎರಡು ಜೋಡಿ ಒಗೆದ್ನಲ್ಲ, ಅವತ್ತ ನಿನ್ನ ಹಂತೇಕ ಏನಿತ್ತು?"

ಏನೂ ಇರಲಿಲ್ಲ ಎಂದೆ.

ಒಳಗಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವನು ಅದು ನಿಲ್ಲುವ ತನಕ ಕಾದ.

"ಬ್ಯಾನಿ ಬಂದದ್ದು ನಿನ್ನ ತಪ್ಪಲ್ಲ ಗಿರಿಧರ. ಅವತ್ತ ಹೇಳಿದ್ರ ನಾ ನಿನ್ನ ಹೊತ್ಕೊಂಡು ಆಸ್ಪತ್ರಿಗೆ ಹೋಗ್ತಿದ್ದೆ. ನೀ ಅದನ್ನ ನನ್ನ ಮ್ಯಾಲ ಆಡಿದಿ."

ಚೀಲ ತೆಗೆದುಕೊಂಡ. ಬೇಡ ಎನ್ನುತ್ತಾನೆ ಅಂದುಕೊಂಡಿದ್ದೆ. ಬೇಡ ಎನ್ನಲಿಲ್ಲ, ಅಂಗಡಿ ಹಿಡಿಯಬೇಕಲ್ಲ. ಬಾಗಿಲ ತನಕ ಬಂದ. ಇನ್ನು ಮನೀಶನ ಕಡೆ ಬರಬ್ಯಾಡ ಎಂದ. ಇಲ್ಲಿಗೂ ಸ್ವಲ್ಪ ದಿನ ಬರಬ್ಯಾಡ. ಆಮೇಲೆ, ಕದ ಅರ್ಧ ಮುಚ್ಚಿದವನು, ನಿನ್ನ ಹೆಂಡತಿಗೆ ನೀ ಹೇಳಿದಿಯೇನು ಎಂದು ಕೇಳಿದ. ಇಲ್ಲ ಎಂದೆ. ಪೊಂಗಲ್ ತನಕ ನೋಡ್ತೀನಿ, ಇಲ್ಲಂದ್ರ ನಾನ ಬಂದು ಹೇಳ್ತೀನಿ ಎಂದು ಕದ ಹಾಕಿಕೊಂಡ. ಮೆತ್ತಗೆ.

೪ ಜನವರಿ ೨೦೨೬, ಭಾನುವಾರ, ಮಧ್ಯಾಹ್ನ

ಪ್ರೇರಣಾ ಗೆಳತಿಯ ಮನೆಗೆ ಹೋಗಿದ್ದಾಳೆ. ಉಷಾ ಬಟ್ಟೆ ಮಡಚುತ್ತಿದ್ದಾಳೆ. ಠೇವಣಿಯ ದುಡ್ಡು ವಾಪಸ್ ಬ್ಯಾಂಕಿಗೆ ಹೋಗಿದೆ. ಪೂರ್ತಿ ಅಲ್ಲ, ಈ ತಿಂಗಳ ಖರ್ಚಿಗೆ ಸ್ವಲ್ಪ ತೆಗೆದಿದ್ದೇನೆ. ಕೀಬೋರ್ಡು, ಕಳೆದ ಕೆಲವು ತಿಂಗಳ ಮನೆ ಖರ್ಚು, ಎಲ್ಲ ಯಾರ ಯಾರ ಜೇಬಿನದೋ. ಅದನ್ನೂ ಹೇಳಬೇಕು.

ಚೀಟಿಯಲ್ಲಿದ್ದ ಡಾಕ್ಟರಿಗೆ ನಿನ್ನೆ ಫೋನ್ ಮಾಡಿದೆ. ಮಂಗಳವಾರ ಬನ್ನಿ ಎಂದರು. ಮನೆಯವರು ಯಾರಾದರೂ ಜೊತೆಗೆ ಬರಲಿ ಎಂದರು.

ಯಾವುದರಿಂದ ಶುರು ಮಾಡಲಿ? ಕೈಯಿಂದಲೋ, ಕನ್ಸಲ್ಟಿಂಗಿನಿಂದಲೋ, ಅಂದಾನಿಯಿಂದಲೋ? ಕೈಯಿಂದ ಶುರು ಮಾಡಿದರೆ ಅವಳು ಅಳುತ್ತಾಳೆ, ಆಮೇಲೆ ಉಳಿದದ್ದನ್ನು ಕ್ಷಮಿಸಲೇಬೇಕಾಗುತ್ತದೆ ಅವಳು. ಅದು ಮತ್ತೆ ಅದೇ ಬಲಗೈಯಾಟ. ಅಂದಾನಿಯಿಂದ ಶುರು ಮಾಡಬೇಕು. ಅಂಗಡಿಯ ಅಡ್ವಾನ್ಸಿನಿಂದ. ಕೈಯ ವಿಷಯ ಕೊನೆಗೆ.

ಯಾರಿಗೆ ಅಷ್ಟು ಬರೆಯುತ್ತಿದ್ದೀರಿ ಎಂದು ಕೇಳಿದಳು. ಯಾರಿಗೂ ಇಲ್ಲ ಎಂದೆ. ಮಡಚಿದ ಸೀರೆ ಮಂಚದ ಮೇಲಿಟ್ಟು ಈ ಕಡೆ ಬರುತ್ತಿದ್ದಾಳೆ. ಪೆನ್ನು ನಡುಗುವುದನ್ನು ನೋಡಿದಳೋ ಏನೋ, ನಿಂತಳು. ಅಡಗಿಸಲಿಲ್ಲ. ಉಷಾ, ಕೂತುಕೋ, ಒಂದು ವಿಷಯ ಎಂದೆ. ಕುರ್ಚಿ ಎಳೆದು ಕೂತಳು, ಅವಳ ಕಣ್ಣು ನನ್ನ ಕೈ ಮೇಲೆ, ಅಂದಾನಿಗೆ ನಾನು ಮೋಸ ಮಾಡಿದೆ ಎಂದು ಶುರು ಮಾಡಿದೆ. ಪೆನ್ನು ಕೆಳಗಿಡುತ್ತೇನೆ.